ನೀರಿನ ಹಕ್ಕು: ಮಹಾಡದಿಂದ ಗೋರೆಗಾಂವಿನವರೆಗೆ

೧

ಗೋರೆಗಾಂವ್ ರೈಲು ನಿಲ್ದಾಣದಿಂದ ಪೂರ್ವಕ್ಕೆ ಹೊರಟು ಆರೆ ಕಾಲೊನಿಯ ಗುಡ್ಡಗಳನ್ನು ದಾಟಿದರೆ ವಿಹಾರ ಸರೋವರ ಸಿಗುತ್ತದೆ. ಮುಂಬಯಿ ನಗರಕ್ಕೆ ಕೊಳವೆಗಳ ಮೂಲಕ ನೀರನ್ನು ಒದಗಿಸಿದ ಮೊದಲನೆಯ ಜಲಾಶಯವಿದು. ೧೮೬೦ರಲ್ಲಿ ಇದರ ನೀರು ದಕ್ಷಿಣದ ಹಳೆಯ ನಗರದ ಕಡೆಗೆ ಹರಿಯತೊಡಗಿತು. ೧೮೭೯ರಲ್ಲಿ ತುಳಸಿ, ೧೮೯೨ರಲ್ಲಿ ತಾನಸಾ, ಆಮೇಲೆ ವೈತರಣಾ, ಹೀಗೆ ನಗರವು ಬೆಳೆದಂತೆಲ್ಲ ದೂರದೂರದ ನೀರು ಅದರ ಕಡೆಗೆ ತಿರುಗಿತು. ಆದರೆ ವಿಹಾರದ ನೀರು ಹರಿಯತೊಡಗಿ ನೂರು ವರ್ಷಗಳು ತುಂಬಿದ ಮೇಲೆ, ಆ ಸರೋವರದ ನೆರೆಯಲ್ಲೇ ಇರುವ ಗೋರೆಗಾಂವಿನ ಹೆಂಗಸರು ನೀರಿಗಾಗಿ ಮಹಾನಗರ ಪಾಲಿಕೆಯೊಡನೆ ಹೋರಾಡಬೇಕಾಯಿತು. ನೀರು ಹತ್ತಿರವಿದ್ದಾಗಲೂ ನೀರಿನ ಹಕ್ಕು ಬಹುದೂರವಿರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಮಾನವ ಹಕ್ಕುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ೧೯೪೮ರ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ಸಾರ್ವತ್ರಿಕ ಘೋಷಣೆಯಿಂದ ಪ್ರಾರಂಭಿಸುತ್ತಾರೆ. ಆ ಘೋಷಣೆಯ ಮೊದಲ ವಿಧಿಯಲ್ಲಿ ಪುರುಷರನ್ನಷ್ಟೇ ಸೂಚಿಸುವಂತಿದ್ದ ಪದವನ್ನು ತೆಗೆಸಿ, ಮಾನವರೆಲ್ಲರನ್ನೂ ಒಳಗೊಳ್ಳುವ ಪದವನ್ನು ಹಾಕಿಸಿದವರು ಮುಂಬಯಿ ವಿಧಾನ ಪರಿಷತ್ತಿನ ಸದಸ್ಯೆಯಾಗಿದ್ದ ಹಂಸಾ ಮೆಹತಾ ಅವರೆಂಬುದು ನಮ್ಮ ನಗರಕ್ಕೆ ಹೆಮ್ಮೆಯ ಸಂಗತಿ. ಆದರೆ ಅದೇ ಘೋಷಣೆಯ ಇಪ್ಪತ್ತೈದನೆಯ ವಿಧಿಯನ್ನು ಓದಿದರೆ ಅಲ್ಲಿ ಅನ್ನ, ಬಟ್ಟೆ, ಮನೆ, ವೈದ್ಯಕೀಯ ನೆರವು, ಇವುಗಳ ಹೆಸರಿದೆಯೇ ಹೊರತು ನೀರಿನ ಹೆಸರಿಲ್ಲ. ಶುದ್ಧವಾದ ಕುಡಿಯುವ ನೀರು ಮಾನವ ಹಕ್ಕೆಂದು ವಿಶ್ವಸಂಸ್ಥೆಯ ಮಹಾಸಭೆಯು ಬಾಯಿಬಿಟ್ಟು ಹೇಳಿದ್ದು ೨೦೧೦ರ ಜುಲೈ ೨೮ರಂದು. ಜಗತ್ತು ಇಷ್ಟು ತಡವಾಗಿ ಆಡಿದ ಮಾತನ್ನು ಮುಂಬಯಿ ಪ್ರಾಂತದ ಜನರು ಅದಕ್ಕಿಂತ ಎಂಬತ್ತೇಳು ವರ್ಷಗಳ ಹಿಂದೆಯೇ ಒಂದು ರೂಪದಲ್ಲಿ ಆಡಿದ್ದರು. ಆ ಕಥೆಯು ಕನ್ನಡಿಗರಾದ ನಮಗೆ ಎರಡು ಕಾರಣಗಳಿಂದ ಸಂಬಂಧಪಟ್ಟದ್ದು. ಅಂದಿನ ಮುಂಬಯಿ ಪ್ರಾಂತದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಸೇರಿದ್ದುವು ಎಂಬುದೊಂದು; ಮುಂಬಯಿಗೆ ಬಂದು ನೆಲೆಸಿದ ನಾವು ಇಲ್ಲಿನ ನಲ್ಲಿಯ ಸಾಲಿನಲ್ಲಿ ನಿಂತವರು ಎಂಬುದು ಇನ್ನೊಂದು.

ಈ ಲೇಖನದಲ್ಲಿ ಹೇಳಬೇಕೆಂದಿರುವ ಮಾತು ಇಷ್ಟೆ. ನಮ್ಮ ಪ್ರದೇಶದಲ್ಲಿ ನೀರನ್ನು ನಿರಾಕರಿಸುವುದಕ್ಕೆ ಮೊದಲು ಮನುಷ್ಯನ ಹುಟ್ಟನ್ನು ಕಾರಣವಾಗಿ ಹೇಳುತ್ತಿದ್ದರು. ಆಮೇಲೆ ಅವನು ಊರಿಗೆ ಬಂದ ದಿನಾಂಕವನ್ನು ಕಾರಣವಾಗಿ ಹೇಳತೊಡಗಿದರು. ಎರಡು ಸಲವೂ ಶಾಸನವೋ ನ್ಯಾಯಾಲಯವೋ ಆ ಕಾರಣವನ್ನು ತಳ್ಳಿಹಾಕಿತು. ಎರಡು ಸಲವೂ ಬರೆದ ಹಕ್ಕಿಗೂ ಕೊಡಕ್ಕೆ ಬಿದ್ದ ನೀರಿಗೂ ನಡುವೆ ಬಹಳ ಕಾಲದ ಅಂತರ ಉಳಿಯಿತು. ಆ ಅಂತರವನ್ನು ತುಂಬಿದವರು ಸ್ಥಳೀಯವಾಗಿ ಸಂಘಟಿತರಾದ ಸಾಮಾನ್ಯ ಜನರು.

೨

೧೯೨೩ರ ಆಗಸ್ಟ್ ೪ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆಯವರು ತಂದ ಒಂದು ನಿರ್ಣಯವು ಅಂಗೀಕೃತವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿದ ಇಲ್ಲವೆ ನಡೆಯಿಸುತ್ತಿರುವ ಕೆರೆ, ಬಾವಿ, ಧರ್ಮಶಾಲೆಗಳನ್ನೂ ಸಾರ್ವಜನಿಕ ಶಾಲೆ, ಕಚೇರಿ, ಔಷಧಾಲಯಗಳನ್ನೂ ಅಸ್ಪೃಶ್ಯರೆನಿಸಿಕೊಂಡವರು ಉಪಯೋಗಿಸಲು ಅವಕಾಶವಿರಬೇಕೆಂಬುದು ಅದರ ತಾತ್ಪರ್ಯ. ಪ್ರಾಂತದ ಎಲ್ಲ ಜಿಲ್ಲೆಗಳಂತೆ ನಾಲ್ಕು ಕನ್ನಡ ಜಿಲ್ಲೆಗಳಿಗೂ ಇದು ಅನ್ವಯಿಸಬೇಕಾದ ಮಾತಾಗಿತ್ತು. ಆದರೆ ನಿರ್ಣಯವೆಂಬುದು ಶಾಸನವಾಗಿರಲಿಲ್ಲ. ಅದನ್ನು ಆಚರಣೆಗೆ ತರುವ ಹೊಣೆ ಪುರಸಭೆಗಳ ಮೇಲೂ ಲೋಕಲ್ ಬೋರ್ಡುಗಳ ಮೇಲೂ ಬಿದ್ದಿತು; ಬಾವಿಯ ಕಟ್ಟೆಯನ್ನು ತಮ್ಮದೆಂದು ತಿಳಿದಿದ್ದವರೇ ಆ ಸಭೆಗಳಲ್ಲಿ ಬಹುಮಟ್ಟಿಗೆ ಕುಳಿತಿದ್ದರು. ನಿರ್ಣಯವನ್ನು ಪಾಲಿಸದ ಸಂಸ್ಥೆಗಳಿಗೆ ಸರ್ಕಾರದ ಸಹಾಯಧನವನ್ನು ತಡೆಯಬೇಕೆಂದು ಬೋಲೆಯವರು ೧೯೨೬ರಲ್ಲಿ ಮತ್ತೊಂದು ನಿರ್ಣಯವನ್ನು ತರಬೇಕಾಯಿತೆಂಬುದೇ ಮೊದಲನೆಯದರ ಗತಿ ಏನಾಗಿತ್ತೆಂಬುದನ್ನು ತೋರಿಸುತ್ತದೆ.

ಈ ನಡುವೆ ೧೯೨೫ರಲ್ಲಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಸಮ್ಮೇಳನವು ಡಾ. ಭೀಮರಾವ್ ಅಂಬೇಡಕರರ ಅಧ್ಯಕ್ಷತೆಯಲ್ಲಿ ಜರುಗಿತು. ತರುವಾಯದ ದೊಡ್ಡ ಘಟನೆ ಕೊಂಕಣದ ಕುಲಾಬಾ ಜಿಲ್ಲೆಯ ಮಹಾಡದಲ್ಲಿ ನಡೆದರೂ, ಅದಕ್ಕೆ ಹಿನ್ನೆಲೆಯಾದ ಜಾಗೃತಿಯು ಕನ್ನಡ ನೆಲವನ್ನೂ ಮುಟ್ಟಿತ್ತೆಂಬುದನ್ನು ಇದರಿಂದ ತಿಳಿಯಬಹುದು.

ಮಹಾಡದ ಪುರಸಭೆಯು ಬೋಲೆ ನಿರ್ಣಯವನ್ನು ಅನುಸರಿಸಿ ೧೯೨೪ರಲ್ಲಿ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಗೊತ್ತುಮಾಡಿತ್ತು. ಕಾಗದದ ಮೇಲೆ ತೆರೆದ ಕೆರೆ ವಾಸ್ತವದಲ್ಲಿ ಮುಚ್ಚಿಯೇ ಇದ್ದಿತು. ೧೯೨೭ರ ಮಾರ್ಚ್ ೨೦ರಂದು ಅಂಬೇಡಕರರು ಸಾವಿರಾರು ಜನರೊಡನೆ ಕೆರೆಗೆ ನಡೆದು ಬೊಗಸೆಯಲ್ಲಿ ನೀರನ್ನು ಕುಡಿದರು. ಆ ದಿನವೇ ಮರಳುತ್ತಿದ್ದ ಜನರ ಮೇಲೆ ಹಲ್ಲೆ ನಡೆಯಿತು. ಕೆರೆಯನ್ನು ಪಂಚಗವ್ಯದಿಂದ ‘ಶುದ್ಧಿ’ ಮಾಡಿದರು. ಆಗಸ್ಟಿನಲ್ಲಿ ಪುರಸಭೆಯು ತನ್ನ ಹಿಂದಿನ ನಿರ್ಣಯವನ್ನು ರದ್ದುಗೊಳಿಸಿತು. ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಸಿದ್ಧತೆ ನಡೆದಾಗ ವಿರೋಧಿಗಳು ನ್ಯಾಯಾಲಯದಿಂದ ತಾತ್ಕಾಲಿಕ ತಡೆಯಾಜ್ಞೆಯನ್ನು ತಂದರು. ಅನಾದಿಕಾಲದಿಂದಲೂ ಅಸ್ಪೃಶ್ಯರನ್ನು ಹೊರಗಿಡುವ ರೂಢಿ ಈ ಕೆರೆಗೆ ಉಂಟೆಂಬುದು ಅವರ ವಾದದ ಸಾರ. ಕೆಳಗಿನ ನ್ಯಾಯಾಲಯಗಳನ್ನು ದಾಟಿ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಬಂದ ಆ ಮೊಕದ್ದಮೆಯು ಇತ್ಯರ್ಥವಾದದ್ದು ೧೯೩೭ರ ಮಾರ್ಚ್ ೧೭ರಂದು. ಅಂತಹ ಅನಾದಿ ರೂಢಿಯು ಸಿದ್ಧವಾಗಿಲ್ಲವೆಂದು ನ್ಯಾಯಾಲಯವು ಹೇಳಿತು.

ಇಲ್ಲಿ ಗಮನಿಸಬೇಕಾದುದು ಕಾಲದ ಲೆಕ್ಕ. ನಿರ್ಣಯದಿಂದ ತೀರ್ಪಿನವರೆಗೆ ಹದಿಮೂರು ವರ್ಷಗಳಿಗೂ ಹೆಚ್ಚು ಕಾಲ ಸಂದಿತು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಹದಿನೈದನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳನ್ನು ಹೆಸರಿಟ್ಟು ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅವುಗಳಿಂದ ದೂರವಿಡಕೂಡದೆಂದು ವಿಧಿಸಿತು. ಸಂವಿಧಾನದಂತಹ ಗಂಭೀರ ಗ್ರಂಥದಲ್ಲಿ ಬಾವಿಯೂ ಸ್ನಾನಘಟ್ಟವೂ ಏಕೆ ಬಂದುವೆಂದು ಆಶ್ಚರ್ಯಪಡುವ ಓದುಗರು ಮಹಾಡವನ್ನು ನೆನೆದರೆ ಸಾಕು. ಹದಿನೇಳನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ತೊಡೆದುಹಾಕಿತು; ೧೯೫೫ರಲ್ಲಿ ಅದರ ಆಚರಣೆಗೆ ಶಿಕ್ಷೆ ವಿಧಿಸುವ ಶಾಸನವೂ ಬಂದಿತು. ಹುಟ್ಟಿನ ಕಾರಣದಿಂದ ನೀರನ್ನು ನಿರಾಕರಿಸುವುದು, ಕಾನೂನಿನ ಮಟ್ಟಿಗಾದರೂ, ಅಲ್ಲಿಗೆ ಮುಗಿಯಿತು.

೩

ಇನ್ನು ಗೋರೆಗಾಂವಿನ ಕಡೆಗೆ ಬರೋಣ. ಸ್ವಾತಂತ್ರ್ಯ ಬಂದ ಕಾಲಕ್ಕೆ ಇದು ನಗರದ ಎಲ್ಲೆಯ ಹೊರಗಿನ ಹಳ್ಳಿ. ೧೯೫೭ರಲ್ಲಿ ಬೃಹನ್ಮುಂಬಯಿ ಪಾಲಿಕೆಯ ಮೇರೆಯು ಪಶ್ಚಿಮದಲ್ಲಿ ದಹಿಸರದವರೆಗೂ ಪೂರ್ವದಲ್ಲಿ ಮುಲುಂದದವರೆಗೂ ವಿಸ್ತರಿಸಿದಾಗ ಗೋರೆಗಾಂವ್ ಮಹಾನಗರದ ಭಾಗವಾಯಿತು. ನಗರವು ಊರನ್ನು ತನ್ನೊಳಗೆ ಸೇರಿಸಿಕೊಳ್ಳುವುದು ನಕ್ಷೆಯ ಮೇಲೆ ಒಂದು ದಿನದ ಕೆಲಸ. ಕೊಳವೆ, ಮೋರಿ, ಶಾಲೆ, ಆಸ್ಪತ್ರೆಗಳು ಹಾಗೆ ಒಂದೇ ದಿನಕ್ಕೆ ಬರುವುದಿಲ್ಲ. ಕಾರ್ಖಾನೆಗಳು ಬಂದುವು, ಅವುಗಳ ಹಿಂದೆಯೇ ಕೆಲಸಗಾರರು ಬಂದರು. ನೀರು ಮಾತ್ರ ಅವರಷ್ಟು ಬೇಗ ಬರಲಿಲ್ಲ.

ಈ ಹೊತ್ತಿನಲ್ಲಿ ಗೋರೆಗಾಂವಿಗೆ ದೊರೆತ ನಾಯಕಿ ಮೃಣಾಲ್ ಗೋರೆ. ೧೯೨೮ರಲ್ಲಿ ಜನಿಸಿದ ಈಕೆ ವೈದ್ಯಕೀಯ ವ್ಯಾಸಂಗವನ್ನು ಬಿಟ್ಟು ರಾಷ್ಟ್ರ ಸೇವಾ ದಳದ ಮೂಲಕ ಸಮಾಜವಾದಿ ಚಳವಳಿಗೆ ಬಂದವರು. ೧೯೪೮ರಲ್ಲಿ ಸಹಕಾರ್ಯಕರ್ತರಾದ ಕೇಶವ ಗೋರೆಯವರನ್ನು ವಿವಾಹವಾಗಿ ಗೋರೆಗಾಂವಿನಲ್ಲಿ ನೆಲೆಸಿದರು. ಹೆಂಗಸರ ಸಂಘಟನೆ, ಕುಟುಂಬ ಯೋಜನೆಯ ಪ್ರಚಾರ, ಗ್ರಾಮ ಪಂಚಾಯತಿಯ ಕೆಲಸ, ಇವುಗಳಿಂದ ಅವರ ಸಾರ್ವಜನಿಕ ಜೀವನ ಆರಂಭವಾಯಿತು. ೧೯೫೮ರಲ್ಲಿ ಕೇಶವ ಗೋರೆಯವರು ತೀರಿಕೊಂಡರು. ಎಳೆಯ ಮಗಳನ್ನು ಹೊತ್ತ ಮೂವತ್ತು ವರ್ಷದ ವಿಧವೆಯು ಮನೆಯೊಳಗೆ ಕುಳಿತುಕೊಳ್ಳಲಿಲ್ಲ. ಗಂಡನ ನೆನಪಿಗೆ ಗೋರೆಗಾಂವಿನಲ್ಲಿ ಸ್ಥಾಪಿತವಾದ ಕೇಶವ ಗೋರೆ ಸ್ಮಾರಕ ಟ್ರಸ್ಟು ಇಂದಿಗೂ ಸಮಾಜಕಾರ್ಯದ ಕೇಂದ್ರವಾಗಿ ಉಳಿದಿದೆ.

೧೯೬೧ರಲ್ಲಿ ಅವರು ಮಹಾನಗರ ಪಾಲಿಕೆಗೆ ಆಯ್ಕೆಯಾದರು. ಗೋರೆಗಾಂವಿನ ಕುಡಿಯುವ ನೀರಿನ ಪ್ರಶ್ನೆಯನ್ನು ಅವರು ಎಷ್ಟು ಬಿಡದೆ ಹಿಡಿದರೆಂದರೆ ಜನರು ಅವರನ್ನು ‘ಪಾಣೀವಾಲಿ ಬಾಯಿ’, ಅಂದರೆ ನೀರಿನ ಹೆಂಗಸು, ಎಂದೇ ಕರೆಯತೊಡಗಿದರು. ಈ ಹೋರಾಟದ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಮಹಾಡದಲ್ಲಿ ಕೆರೆ ಇದ್ದಿತು, ನೀರಿದ್ದಿತು. ತಡೆದು ನಿಂತವರು ಕಣ್ಣಿಗೆ ಕಾಣುತ್ತಿದ್ದರು. ಗೋರೆಗಾಂವಿನಲ್ಲಿ ಎದುರಾಳಿಯೇ ಕಾಣಿಸುತ್ತಿರಲಿಲ್ಲ. ಕೊಳವೆ ಚಿಕ್ಕದು, ಒತ್ತಡ ಸಾಲದು, ಹಣ ಮಂಜೂರಾಗಿಲ್ಲ, ನೆಲ ಖಾಸಗಿಯವರದು, ವಸತಿ ಅಧಿಕೃತವಲ್ಲ ಎಂಬ ಉತ್ತರಗಳಿಗೆ ಮುಖವಿಲ್ಲ. ಇಂತಹ ಉತ್ತರಗಳ ಮುಂದೆ ಒಬ್ಬೊಬ್ಬಳೇ ಹೆಂಗಸು ಸೋಲುತ್ತಾಳೆ. ನೂರು ಜನ ಒಟ್ಟಾಗಿ ಹೋದಾಗ ಮಾತ್ರ ಕಡತಕ್ಕೆ ಮುಖ ಬರುತ್ತದೆ. ನೀರನ್ನು ಹೊತ್ತು ತರುವ ಕೆಲಸ ಹೆಂಗಸರದೇ ಆದುದರಿಂದ ಈ ಚಳವಳಿಯ ಬಲವೂ ಹೆಂಗಸರಿಂದಲೇ ಬಂದಿತು. ಅಡಿಗೆಮನೆಯ ಕಷ್ಟವನ್ನು ರಾಜಕೀಯದ ಪ್ರಶ್ನೆಯನ್ನಾಗಿ ಮಾಡಿದ್ದೇ ಮೃಣಾಲತಾಯಿಯವರ ವಿಶೇಷ. ೧೯೭೨ರಲ್ಲಿ ಅಹಿಲ್ಯಾ ರಾಂಗಣೇಕರ್ ಮೊದಲಾದವರೊಡನೆ ಅವರು ಕಟ್ಟಿದ ಬೆಲೆಯೇರಿಕೆ ವಿರೋಧಿ ಮಹಿಳಾ ಸಮಿತಿಯು ಲಟ್ಟಣಿಗೆಗಳನ್ನು ಹಿಡಿದು ಬೀದಿಗಿಳಿದದ್ದು ಇದೇ ದಾರಿಯ ಮುಂದುವರಿಕೆ.

ಅದೇ ವರ್ಷ ಅವರು ಮಹಾರಾಷ್ಟ್ರ ವಿಧಾನಸಭೆಗೆ ಆಯ್ಕೆಯಾದರು. ೧೯೭೫ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಕೆಲವು ಕಾಲ ಭೂಗತರಾಗಿದ್ದು, ಕೊನೆಗೆ ಸೆರೆಸಿಕ್ಕಿ ಕಾರಾಗೃಹವಾಸವನ್ನು ಅನುಭವಿಸಿದರು. ೧೯೭೭ರ ಚುನಾವಣೆಯಲ್ಲಿ ಮುಂಬಯಿಯ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಹೋದರು. ನೀರಿನ ಹೆಣ್ಣು ದಿಲ್ಲಿಗೆ ಹೋದಳು, ದಿಲ್ಲಿಯ ಹೆಣ್ಣು ನೀರುಪಾಲಾದಳು ಎಂಬರ್ಥದ ಘೋಷಣೆಯೊಂದು ಆಗ ಜನರ ಬಾಯಲ್ಲಿದ್ದಿತು. ಹಾಸ್ಯವನ್ನು ಬದಿಗಿಟ್ಟರೂ ಅದರಲ್ಲೊಂದು ತಥ್ಯವಿದೆ: ನಲ್ಲಿಯ ಹಕ್ಕನ್ನು ಕೇಳಲು ಕಲಿತ ಉಪನಗರವು ವಾಕ್‌ಸ್ವಾತಂತ್ರ್ಯವನ್ನು ಕಸಿದುಕೊಂಡಾಗ ಅದನ್ನು ಗುರುತಿಸಲೂ ಕಲಿತಿತ್ತು.

ನೀರಿನಿಂದ ಮನೆಯ ಪ್ರಶ್ನೆಗೆ ಹೋಗುವುದು ಸಹಜವೇ ಆಗಿತ್ತು. ೧೯೭೬ರ ನಗರ ಭೂಮಿತಿ ಶಾಸನದ ಪ್ರಕಾರ ಹೆಚ್ಚುವರಿ ಭೂಮಿಯನ್ನು ಬಡವರ ವಸತಿಗೆ ಬಳಸಬೇಕೆಂದು ಹಟಹಿಡಿದು, ಮೃಣಾಲ್ ಗೋರೆಯವರೂ ಅವರ ಸಂಗಡಿಗರೂ ನಾಗರಿ ನಿವಾರಾ ಪರಿಷತ್ತಿನ ಮೂಲಕ ಗೋರೆಗಾಂವ್ ಪೂರ್ವದ ದಿಂಡೋಶಿಯಲ್ಲಿ ಕಡಿಮೆ ಆದಾಯದವರಿಗಾಗಿ ಆರು ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿಸಿದರು. ೨೦೧೨ರ ಜುಲೈ ೧೭ರಂದು ಅವರು ನಿಧನರಾದರು.

೪

ಗೋರೆಗಾಂವಿನ ಹೋರಾಟವು ಗೆದ್ದ ನೀರು ಎಲ್ಲರಿಗೂ ಸೇರಿತೆಂದು ಭಾವಿಸುವಂತಿಲ್ಲ. ಅದೇ ದಶಕಗಳಲ್ಲಿ ಹೊಸದೊಂದು ಗೋಡೆ ಎದ್ದಿತು. ೧೯೭೧ರಲ್ಲಿ ಮಹಾರಾಷ್ಟ್ರದ ಕೊಳಚೆ ಪ್ರದೇಶ ಶಾಸನವು ಬಂದಿತು. ೧೯೭೬ರಲ್ಲಿ ಜೋಪಡಿಗಳ ಗಣತಿ ನಡೆಯಿತು. ಗಣತಿಯಲ್ಲಿ ಹೆಸರು ಬಂದವರಿಗೆ ಗುರುತಿನ ಚೀಟಿ ದೊರೆಯಿತು. ಹಾಗೆ ಗುರುತು ಸಿಕ್ಕವರು ಜಾಗ ಬಿಡಬೇಕಾದಾಗ ಬದಲಿ ಜಾಗವನ್ನು ಕೇಳಬಹುದಾಗಿತ್ತು. ಇದು ಬಡವರಿಗೆ ದೊರೆತ ರಕ್ಷಣೆಯೇ ಸರಿ. ಆದರೆ ಒಂದು ದಿನಾಂಕದ ಈಚೆಯವರಿಗೆ ಕೊಟ್ಟ ರಕ್ಷಣೆಯು ಆಚೆಯವರಿಗೆ ನಿರಾಕರಣೆಯಾಗಿ ಪರಿಣಮಿಸಿತು. ಕಾಲಕ್ರಮದಲ್ಲಿ ಈ ಗಡಿ ೧೯೯೫ರ ಜನವರಿ ೧ಕ್ಕೂ ಆಮೇಲೆ ೨೦೦೦ದ ಜನವರಿ ೧ಕ್ಕೂ ಸರಿಯಿತು. ಗಡಿ ಸರಿಯಿತೇ ಹೊರತು ಅಳಿಯಲಿಲ್ಲ.

ದಿನಾಂಕದ ಆಚೆಯವರ ಪಾಡು ಏನೆಂಬುದನ್ನು ೧೯೮೧ರ ಮಳೆಗಾಲವು ತೋರಿಸಿತು. ಆ ವರ್ಷದ ಜುಲೈಯಲ್ಲಿ ಅಂದಿನ ಮುಖ್ಯಮಂತ್ರಿ ಎ. ಆರ್. ಅಂತುಲೆಯವರು ಕಾಲುದಾರಿಗಳ ಮೇಲಿನ ವಾಸಿಗಳನ್ನು ತೆರವುಮಾಡಿ ಅವರವರ ಊರಿಗೆ ಕಳುಹಿಸುವುದಾಗಿ ಪ್ರಕಟಿಸಿದರು. ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಅರ್ಜಿದಾರರಲ್ಲಿ ಒಬ್ಬನ ಕಥೆ ನಮ್ಮ ಉಪನಗರಕ್ಕೆ ತೀರ ಸಮೀಪದ್ದು. ಬರಗಾಲದಿಂದ ಕೆಲಸ ಕಳೆದುಕೊಂಡ ಈ ಭೂಹೀನ ಕೂಲಿಗಾರನು ೧೯೬೧ರಲ್ಲಿ ಸೇಲಂ ಬಿಟ್ಟು ಮುಂಬಯಿಗೆ ಬಂದು, ದಹಿಸರದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ದಿನಕ್ಕೆ ೨೩ ರೂಪಾಯಿಯ ಕೂಲಿಗೆ ದುಡಿಯುತ್ತಿದ್ದನು. ಗೋರೆಗಾಂವನ್ನು ಹಾದುಹೋಗುವ ಪಶ್ಚಿಮ ಎಕ್ಸ್‌ಪ್ರೆಸ್ ಹೆದ್ದಾರಿಯ ಬದಿಯಲ್ಲೇ ಅವನ ಗುಡಿಸಲು. ಆ ಗುಡಿಸಲಿನ ಜಾಗಕ್ಕೂ ಅವನು ಒಬ್ಬ ಪುಂಡನಿಗೆ ೨,೫೦೦ ರೂಪಾಯಿ ತೆತ್ತಿದ್ದನು. ಜುಲೈ ೨೩ರಂದು ಗುಡಿಸಲನ್ನು ಕೆಡವಿ, ಹೆಂಡತಿಮಕ್ಕಳೊಡನೆ ಅವನನ್ನು ಬಸ್ಸಿಗೆ ಹತ್ತಿಸಿ ಸೇಲಂಗೆ ಕಳುಹಿಸಿದರು. ಹೆಂಡತಿ ಮಕ್ಕಳು ಅಲ್ಲಿಯೇ ಉಳಿದರು. ಅವನು ಕೆಲಸವನ್ನು ಹುಡುಕಿಕೊಂಡು ಮರಳಿ ಬಂದನು. ಇಪ್ಪತ್ತು ವರ್ಷ ನಗರದಲ್ಲಿ ದುಡಿದವನನ್ನು ಒಂದು ಬಸ್ಸಿನ ಪ್ರಯಾಣದಿಂದ ಪರಸ್ಥಳದವನನ್ನಾಗಿ ಮಾಡಬಹುದೆಂಬುದನ್ನು ವಲಸೆ ಬಂದ ಯಾವ ಸಮಾಜವೂ ಮರೆಯಬಾರದು.

ಪತ್ರಕರ್ತೆ ಓಲ್ಗಾ ಟೆಲಿಸ್ ಅವರ ಹೆಸರಿನಿಂದ ಪ್ರಸಿದ್ಧವಾದ ಈ ಮೊಕದ್ದಮೆಯ ತೀರ್ಪು ೧೯೮೫ರ ಜುಲೈ ೧೦ರಂದು ಹೊರಬಿದ್ದಿತು. ಸಂವಿಧಾನದ ಇಪ್ಪತ್ತೊಂದನೆಯ ಅನುಚ್ಛೇದವು ಕೊಟ್ಟ ಜೀವದ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಅಡಗಿದೆ ಎಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು ಬರೆದರು. ನ್ಯಾಯಶಾಸ್ತ್ರದಲ್ಲಿ ಇದೊಂದು ಮೈಲಿಗಲ್ಲು. ಆದರೆ ತತ್ತ್ವದಲ್ಲಿ ಗೆದ್ದವರು ವ್ಯವಹಾರದಲ್ಲಿ ಬಹಳಷ್ಟು ಸೋತರು. ತೆರವನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಲಾಯಿತು. ೧೯೭೬ರ ಗಣತಿಯ ಚೀಟಿಯುಳ್ಳವರಿಗೆ ಬದಲಿ ಜಾಗ ಕೊಡಬೇಕೆಂದಾಯಿತು. ಉಳಿದವರಿಗೆ ಸಿಕ್ಕಿದ್ದು ಮುಂಚಿತವಾದ ತಿಳಿವಳಿಕೆ ಮಾತ್ರ. ದಿನಾಂಕದ ಗೋಡೆಯನ್ನು ನ್ಯಾಯಾಲಯವು ಮುಟ್ಟಲಿಲ್ಲ.

೧೯೯೬ರಲ್ಲಿ ರಾಜ್ಯ ಸರ್ಕಾರದ ಸುತ್ತೋಲೆಯೊಂದು ೧೯೯೫ರ ಜನವರಿ ೧ರ ನಂತರದ ಅನಧಿಕೃತ ವಸತಿಗಳಿಗೆ ನೀರು ಕೊಡಕೂಡದೆಂದಿತು. ಬೋಲೆ ನಿರ್ಣಯವಾದ ಎಪ್ಪತ್ತಮೂರು ವರ್ಷಗಳ ಮೇಲೆ ಅದೇ ಮುಂಬಯಿಯಲ್ಲಿ ನೀರಿನ ನಿರಾಕರಣೆಗೆ ಬರಹದ ರೂಪ ಬಂದಿತು. ನೀರು ಕೊಡದಿದ್ದರೆ ಜನ ಹೊರಟುಹೋಗುವರೆಂಬ ಎಣಿಕೆ ಇದರ ಹಿಂದಿದ್ದಿರಬೇಕು. ಜನರು ಹೋಗಲಿಲ್ಲ. ಕೆಲಸ ಎಲ್ಲಿದೆಯೋ ಅಲ್ಲಿಯೇ ಉಳಿದು ನೀರನ್ನು ಕೊಂಡರು, ಬೇಡಿದರು, ರಾತ್ರಿಹೊತ್ತು ಕೊಳವೆಯಿಂದ ಎಳೆದರು. ನಗರದಲ್ಲಿ ಅತ್ಯಂತ ದುಬಾರಿಯಾದ ನೀರನ್ನು ಕುಡಿಯುವವರು ಅತ್ಯಂತ ಬಡವರೇ ಆದರು.

ಪಾನೀ ಹಕ್ ಸಮಿತಿಯು ಈ ಪ್ರಶ್ನೆಯನ್ನು ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಒಯ್ದಿತು. ೨೦೧೪ರ ಡಿಸೆಂಬರ್ ೧೫ರಂದು ನ್ಯಾಯಾಲಯವು, ಕುಡಿಯುವ ನೀರು ಜೀವದ ಹಕ್ಕಿನ ಭಾಗವಾದುದರಿಂದ ವಸತಿಯು ಅನಧಿಕೃತವೆಂಬ ಕಾರಣದಿಂದ ಅದನ್ನು ಪೂರ್ತಿಯಾಗಿ ನಿರಾಕರಿಸುವಂತಿಲ್ಲವೆಂದು ನಿರ್ಣಯಿಸಿತು. ಅದೇ ಉಸಿರಿನಲ್ಲಿ, ಕಾನೂನಿಗೆ ಒಳಪಟ್ಟು ವಾಸಿಸುವವರಿಗೆ ಸಮನಾಗಿ ಇವರಿಗೆ ನೀರು ಒದಗಿಸಬೇಕಾಗಿಲ್ಲ, ಸಾರ್ವಜನಿಕ ನಲ್ಲಿಯಿಂದ ಕೊಡಬಹುದು, ಹೆಚ್ಚಿನ ದರವನ್ನೂ ವಿಧಿಸಬಹುದು, ನೀರು ಕೊಟ್ಟ ಮಾತ್ರಕ್ಕೆ ವಸತಿಯು ಅಧಿಕೃತವಾಗದು ಎಂದೂ ಹೇಳಿತು. ಪಾಲಿಕೆಯ ಧೋರಣೆಯು ರೂಪುಗೊಳ್ಳಲು ಮತ್ತೆ ವರ್ಷಗಳೇ ಹಿಡಿದುವು. ೨೦೨೨ರಲ್ಲಿ ‘ಎಲ್ಲರಿಗೂ ನೀರು’ ಎಂಬ ಹೆಸರಿನಲ್ಲಿ ಅದು ವಿಸ್ತೃತವಾಗಿ ಪ್ರಕಟವಾಯಿತು. ಮಹಾಡದ ಲೆಕ್ಕವನ್ನು ಇಲ್ಲಿ ಮತ್ತೆ ಇಟ್ಟು ನೋಡಬಹುದು: ಸುತ್ತೋಲೆಯಿಂದ ತೀರ್ಪಿಗೆ ಹದಿನೆಂಟು ವರ್ಷ, ತೀರ್ಪಿನಿಂದ ಈ ಧೋರಣೆಗೆ ಏಳು ವರ್ಷಗಳಿಗೂ ಹೆಚ್ಚು.

೫

ಹುಟ್ಟಿನ ಗೋಡೆ ಬಿದ್ದು ದಿನಾಂಕದ ಗೋಡೆ ಎದ್ದಿತೆಂದು ಹೇಳಿದೆವು. ಆದರೆ ಎರಡೂ ಒಂದೇ ಮನೆಯ ಮುಂದೆ ಒಟ್ಟಾಗಿ ನಿಲ್ಲಬಹುದೆಂಬುದಕ್ಕೆ ಕನ್ನಡನಾಡಿನ ಸವಣೂರು ಸಾಕ್ಷಿ. ನವಾಬರ ಸಂಸ್ಥಾನವಾಗಿದ್ದ ಈ ಊರು ಸ್ವಾತಂತ್ರ್ಯಾನಂತರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿ, ಈಗ ಹಾವೇರಿ ಜಿಲ್ಲೆಯಲ್ಲಿದೆ. ತಲೆತಲಾಂತರದಿಂದ ಊರಿನ ಮಲವನ್ನು ಹೊತ್ತ ಭಂಗಿ ಸಮಾಜದ ಕೆಲವು ಕುಟುಂಬಗಳು ದಶಕಗಳಿಂದ ವಾಸಿಸುತ್ತಿದ್ದ ಜಾಗದಲ್ಲಿ ಅಂಗಡಿಗಳ ಕಟ್ಟಡವನ್ನು ಕಟ್ಟಲು ಪುರಸಭೆಯು ಬಯಸಿತು. ಅವರನ್ನು ತೆರವುಮಾಡುವ ಪ್ರಯತ್ನದ ನಡುವೆ ನೀರಿನ ಸರಬರಾಜೂ ನಿಂತಿತು. ೨೦೧೦ರ ಜುಲೈಯಲ್ಲಿ ಆ ಸಮಾಜದ ಕೆಲವರು ಪುರಸಭೆಯ ಕಚೇರಿಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಊರೆಲ್ಲ ಬೆಚ್ಚಿತು. ಆ ಹೊಲಸನ್ನು ಅವರು ದಿನವೂ ಹೊತ್ತಿದ್ದಾಗ ಯಾರೂ ಬೆಚ್ಚಿರಲಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯು ನೀರನ್ನು ಮಾನವ ಹಕ್ಕೆಂದು ಸಾರಿದ್ದೂ ಅದೇ ತಿಂಗಳಲ್ಲಿ. ಆಮೇಲೆ ಬದಲಿ ವಸತಿಯ, ಕೆಲಸದ ಭರವಸೆಗಳು ಬಂದುವು. ೨೦೧೩ರಲ್ಲಿ ಮಲಹೊರುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು ನಿಷೇಧಿಸಿ ಕೇಂದ್ರವು ಹೊಸ ಶಾಸನವನ್ನು ಮಾಡಿತು. ಆದರೂ ಮೋರಿಗಿಳಿದವರ ಸಾವಿನ ಸುದ್ದಿ ನಿಂತಿಲ್ಲ.

ಮುಂಬಯಿಯ ಕನ್ನಡಿಗರಾದ ನಾವು ಈ ಇತಿಹಾಸದಲ್ಲಿ ಎಲ್ಲಿ ನಿಂತಿದ್ದೇವೆ? ಕರಾವಳಿಯಿಂದ ಬಂದ ಹುಡುಗರು ಹೋಟೆಲುಗಳಲ್ಲಿ ದುಡಿದು, ಅಲ್ಲಿಯೇ ಮಲಗಿ, ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ಕಥೆಯನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅಭಿಮಾನಕ್ಕೆ ಕಾರಣವೂ ಉಂಟು: ಶಿಕ್ಷಣದ ಹಕ್ಕು ಶಾಸನದಲ್ಲಿ ಬರುವ ಬಹುಕಾಲ ಮುಂಚೆಯೇ ನಮ್ಮ ಸಮಾಜಗಳು ಅದನ್ನು ರಾತ್ರಿಯ ದೀಪದ ಬೆಳಕಿನಲ್ಲಿ ನಡೆಸಿಕೊಟ್ಟುವು. ಆದರೆ ಆ ಹುಡುಗರಲ್ಲಿ ಅನೇಕರು ಇನ್ನೂ ಶಾಲೆಯ ವಯಸ್ಸಿನವರಾಗಿದ್ದರೆಂಬುದನ್ನೂ, ಅವರನ್ನು ದುಡಿಸಿಕೊಂಡವರಲ್ಲಿ ನಮ್ಮವರೂ ಇದ್ದರೆಂಬುದನ್ನೂ ಅದೇ ಉಸಿರಿನಲ್ಲಿ ಹೇಳುವ ಪ್ರಾಮಾಣಿಕತೆ ನಮಗಿರಬೇಕು. ಅಂಗಡಿಯ ಹಿಂಭಾಗದಲ್ಲಿ ಮಲಗಿದವನಿಗೆ ಪಡಿತರ ಚೀಟಿ ಎಲ್ಲಿಂದ ಬರಬೇಕು? ದಿನಾಂಕವನ್ನು ಸಿದ್ಧಪಡಿಸುವ ಕಾಗದವಿಲ್ಲದವರ ಸಾಲಿನಲ್ಲಿ ನಮ್ಮ ಹಿಂದಿನ ತಲೆಮಾರಿನವರೂ ನಿಂತಿದ್ದರು.

ಇಂದು ಆ ಸಾಲಿನಲ್ಲಿ ಕಲಬುರಗಿ, ವಿಜಯಪುರ, ಯಾದಗಿರಿಗಳ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರಿದ್ದಾರೆ. ಅವರ ಕನ್ನಡ ನಮ್ಮ ಸಭಾಭವನಗಳಲ್ಲಿ ಅಷ್ಟಾಗಿ ಕೇಳ್ಬರುವುದಿಲ್ಲ. ರಾಜ್ಯೋತ್ಸವದ ದಿನ ನಾವು ನೆನೆಯುವ ಕನ್ನಡಿಗರ ಲೆಕ್ಕದಲ್ಲಿ ಅವರಿದ್ದಾರೆಯೇ ಎಂದು ಸಂಘಗಳು ತಮ್ಮನ್ನು ಕೇಳಿಕೊಳ್ಳಬೇಕು. ಇದಕ್ಕೆ ದೊಡ್ಡ ಯೋಜನೆಗಳು ಬೇಕಿಲ್ಲ. ವಾರ್ಡ್ ಕಚೇರಿಗೆ ಕೊಡಬೇಕಾದ ನಲ್ಲಿಯ ಅರ್ಜಿಯನ್ನು ಬರೆದುಕೊಡುವುದು, ಬೇಕಾದ ಕಾಗದಗಳಾವುವೆಂದು ಕನ್ನಡದಲ್ಲಿ ತಿಳಿಸುವುದು, ೨೦೧೪ರ ತೀರ್ಪಿನ ಸಾರವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಅಚ್ಚುಹಾಕಿಸಿ ಹಂಚುವುದು, ಇವು ಯಾವುದೇ ಉಪನಗರದ ಸಂಘವೂ ತಿಂಗಳಿಗೊಂದು ಭಾನುವಾರ ಮಾಡಬಹುದಾದ ಕೆಲಸಗಳು. ಸಂಶೋಧನೆಯಲ್ಲಿ ಆಸಕ್ತರಾದವರಿಗೂ ಇಲ್ಲಿ ಕೆಲಸವಿದೆ. ಗೋರೆಗಾಂವ್, ಮಲಾಡ್, ಜೋಗೇಶ್ವರಿಗಳಲ್ಲಿ ನೀರಿನ ಸಾಲಿನಲ್ಲಿ ನಿಂತ ಕನ್ನಡದ ಅಜ್ಜಿಯಂದಿರ ನೆನಪುಗಳನ್ನು ಅವರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ಸಂಘಗಳ ವಾರ್ಷಿಕ ವರದಿಗಳಲ್ಲಿ ಅವರ ಹೆಸರುಗಳಿರಲಾರವು. ಆದರೆ ಅವರ ಹೊರತು ನಮ್ಮ ಇತಿಹಾಸವು ಅರ್ಧವೇ.

ಮೃಣಾಲತಾಯಿಯವರ ಹೆಸರನ್ನು ಇಂದು ಗೋರೆಗಾಂವಿನ ಒಂದು ಮೇಲುಸೇತುವೆಗೆ ಇಟ್ಟಿದ್ದಾರೆ. ಸೇತುವೆಯ ಮೇಲೆ ವಾಹನಗಳು ನಿಲ್ಲದೆ ಓಡುತ್ತವೆ. ಅವರ ಕೆಲಸ ನಡೆದದ್ದು ಸೇತುವೆಯ ಕೆಳಗೆ, ಜನರು ಕೊಡ ಹಿಡಿದು ಕಾಯುತ್ತಿದ್ದ ಕಡೆ. ಆ ಸಾಲು ಇನ್ನೂ ಮುಗಿದಿಲ್ಲ.